ಎಡಗಿವಿಯಲ್ಲಿ ನಾನು, ಬಲಗಿವಿಯಲ್ಲಿ ನೀನು

ಗಂಗಕ್ಕಾ,

ಸಿರುಗುಪ್ಪಕ್ಕೆ ನಾನು ಬರೆದ ಕಾಗದಗಳನ್ನೆಲ್ಲ ಪಕ್ಕದ ಮನೆಯ ಸೊಸೆ ನಿನಗೆ ಓದಿ ಹೇಳುತ್ತಿದ್ದಳು. ಆ ಕಾರಣಕ್ಕೇ ಇರಬೇಕು, ನಾನು ಯಾವತ್ತೂ ಮನಸ್ಸಿನಲ್ಲಿದ್ದುದನ್ನು ಬರೆದವಳಲ್ಲ. ನಾವು ಕ್ಷೇಮ, ಅಪ್ಪನ ಕೆಮ್ಮು ಕಡಿಮೆ, ಗದ್ದೆಯ ಕೆಲಸ ಮುಗಿಯಿತೇ, ಇಷ್ಟೇ. ಈಗ ನೀನು ಹೋಗಿ ಒಂದು ವರ್ಷ ಕಳೆದಿದೆ. ನಡುವೆ ನಿಂತು ಓದುವವರು ಯಾರೂ ಇಲ್ಲ. ಆದ್ದರಿಂದ ಇದನ್ನು ಮೊದಲೇ ಬರೆದುಬಿಡುತ್ತೇನೆ: ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚಿತ್ತು. ಈಗಲೂ ಇದೆ. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದೆಂದು ಎಲ್ಲಾದರೂ ಬರೆದಿದೆಯೇ?

ನನಗೆ ಆರು ವರ್ಷವಿದ್ದಾಗಿನ ಒಂದು ಸಂಜೆ ನೆನಪಿದೆ. ಅಪ್ಪ ಹತ್ತಿ ಪ್ರೆಸ್ಸಿನಿಂದ ಬಂದು, ಕೈಕಾಲು ತೊಳೆದು ಕಟ್ಟೆಯ ಮೇಲೆ ಕೂತಿದ್ದ. ಹುಬ್ಬಿನಲ್ಲಿ ಹತ್ತಿಯ ಎಳೆ. ಪ್ರೆಸ್ಸಿನ ಸದ್ದು ಕಿವಿಯಿಂದ ಇಳಿಯಲು ಅವನಿಗೆ ಅರ್ಧ ತಾಸು ಬೇಕಾಗುತ್ತಿತ್ತು. ಅಲ್ಲಿಯವರೆಗೆ ಅವ್ವ ಕೂಡ ಮಾತಾಡಿಸುತ್ತಿರಲಿಲ್ಲ. ನೀನು ಮಾತ್ರ ಅವನ ಬಲಗಡೆ ಕೂತು ಅಪ್ಪನ ಊರು ಕುರುಗೋಡಿನ ಅಜ್ಜಿಯ ಕತೆ ತೆಗೆಯುತ್ತಿದ್ದೆ, ನಿದ್ದೆ ಮಾರಿದ ಸೊಸೆಯ ಕತೆ. ನಿನ್ನ ಒಂದೊಂದು ಮಾತು ಮುಗಿದಾಗಲೂ ಅಪ್ಪ "ಹೂಂ" ಅನ್ನುತ್ತಿದ್ದ. ನಮ್ಮಲ್ಲಿ ಕತೆಯೆಂದರೆ ಹಾಗೇ ಅಲ್ಲವೇ? ಕೇಳುವವರು ಹೂಂಗುಟ್ಟಬೇಕು; ಹೂಂ ನಿಂತರೆ ಹೇಳುವವರೂ ನಿಲ್ಲಿಸಬೇಕು. ಆವತ್ತು ನಾನು ಶಾಲೆಯ ಪುಸ್ತಕ ತಂದು, ಅವನ ಎಡಗಡೆ ಕೂತು, ಒಂದಕ್ಷರ ತಪ್ಪದೆ ಪಾಠ ಓದಿದೆ. ಅಪ್ಪ ಕಣ್ಣು ಮುಚ್ಚಿ ಕೇಳಿದ. "ಭೇಷ್ ಸಾವಿ" ಅಂದ. ಆದರೆ ಒಂದು ಹೂಂ ಇಲ್ಲ. ಪುಸ್ತಕ ಮುಚ್ಚಿ ಒಳಗೆ ಹೋದೆ. ನಿನಗೆ ಆಗ ಹದಿನಾಲ್ಕು. ನೀನು ಇದನ್ನು ಗಮನಿಸಿಯೂ ಇರಲಿಕ್ಕಿಲ್ಲ.

ನೀನು ಮದುವೆಯಾಗಿ ಸಿರುಗುಪ್ಪಕ್ಕೆ ಹೋದ ದಿನ ನಾನು ಅತ್ತೆ. ಎಲ್ಲರೂ ಮೆಚ್ಚಿದರು. ನಿಜ ಹೇಳಲೇ? ಆ ರಾತ್ರಿ ಅಪ್ಪನ ಬಲಗಡೆ ಖಾಲಿಯಾಯಿತೆಂದು ನನಗೆ ಒಳಗೊಳಗೇ ಸಮಾಧಾನವಾಗಿತ್ತು. ಆದರೆ ಆ ಜಾಗ ನನಗೆ ಒಗ್ಗಲಿಲ್ಲ. ನನಗೆ ಬರುತ್ತಿದ್ದುದು ಓದುವುದು. ವಾಚನಾಲಯದಿಂದ ಬಂಗಾಳಿಯದೋ ರಷ್ಯದ್ದೋ ಕನ್ನಡಕ್ಕಿಳಿದ ಕಾದಂಬರಿ ತಂದು, ಅನುವಾದಕರು ಎಲ್ಲಿ ತಡವರಿಸಿದ್ದಾರೆಂದು ಅಂಚಿನಲ್ಲಿ ಗುರುತು ಹಾಕುತ್ತಿದ್ದವಳು ನಾನು. ಟ್ರೈನಿಂಗ್ ಮುಗಿಸಿ ಟೀಚರಾದೆ. ಅವ್ವ ಹೋದಳು. ನಿನ್ನ ಗಂಡನೂ ಹೋದ. ಪ್ರೆಸ್ಸಿನ ಮೇಸ್ತ್ರಿಗಿರಿ ಬಿಟ್ಟು ಮನೆಯಲ್ಲಿ ಕೂತ ಅಪ್ಪನ ಕಿವಿ ಮಂದವಾಗುತ್ತಾ ಬಂತು. ನೀನು ಹದಿನೈದು ದಿನಕ್ಕೊಮ್ಮೆ ಬಸ್ಸು ಹಿಡಿದು ಬ್ರೂಸ್‌ಪೇಟೆಯ ನಮ್ಮ ಮನೆಗೆ ಬರತೊಡಗಿದೆ. ಬಂದು, ಅವನ ಕಿವಿಗೆ ಬಾಯಿ ಹಚ್ಚಿ ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದೆ. ಅವನಿಗೆ ಹೇಳಬೇಕಾದ್ದನ್ನು ನಾನು ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದೆ. ಹದಿಮೂರು ದಿನ ನನ್ನ ಸ್ಲೇಟು, ಎರಡು ದಿನ ನಿನ್ನ ಬಾಯಿ. ಅಪ್ಪ ಕಾಯುತ್ತಿದ್ದುದು ಯಾವುದಕ್ಕೆ ಎಂದು ನಾನು ಬರೆಯಬೇಕಾಗಿಲ್ಲ.

ಮದ್ರಾಸಿನ ಲೆಕ್ಚರರು ನಮ್ಮ ಶಾಲೆಯ ಬಾಗಿಲಿಗೆ ಬಂದದ್ದು ಬೇಸಿಗೆ ರಜೆಗೆ ಎರಡು ದಿನ ಮೊದಲು. ಯುದ್ಧದ ಕಾಲದಲ್ಲಿ ಸೈನ್ಯದ ವೈರ್‌ಲೆಸ್ ವಿಭಾಗದಲ್ಲಿದ್ದು, ಆಮೇಲೆ ಮನಶ್ಶಾಸ್ತ್ರ ಕಲಿಸಲು ಕಾಲೇಜು ಸೇರಿದವರು. ಹೆಡ್‌ಫೋನ್ ಹಾಕಿಕೊಂಡ ಸಿಪಾಯಿಗೆ ಒಂದೇ ಹೊತ್ತಿಗೆ ಎರಡು ದನಿ ಬಂದರೆ ಅವನು ಯಾವುದನ್ನು ಹಿಡಿಯುತ್ತಾನೆ, ಬಿಟ್ಟ ದನಿ ಎಲ್ಲಿ ಹೋಗುತ್ತದೆ — ಇದೇ ಅವರ ತಲೆಯಲ್ಲಿದ್ದ ಹುಳ. ಗದ್ದಲದಲ್ಲಿ ದುಡಿದ ಪ್ರೆಸ್ಸಿನವರನ್ನೂ ಹೊಲದ ಮೌನದಲ್ಲಿ ಬಾಳಿದ ಕುರುಗೋಡಿನವರನ್ನೂ ಕೂರಿಸಿ ಪರೀಕ್ಷೆ ಮಾಡಬೇಕಂತೆ. ಒಂದು ಕಿವಿಗೊಬ್ಬ ಹೆಂಗಸು, ಇನ್ನೊಂದು ಕಿವಿಗೊಬ್ಬ ಹೆಂಗಸು. ಇಬ್ಬರ ದನಿಯೂ ಒಂದೇ ಥರ ಇರಬೇಕು. ಇಲ್ಲದಿದ್ದರೆ ಕಿವಿ ದನಿಯನ್ನು ಆರಿಸುತ್ತದೆ, ಮಾತನ್ನಲ್ಲ. "ಟೀಚರಮ್ಮಾ, ನಿಮಗೆ ಅಕ್ಕನೋ ತಂಗಿಯೋ ಇದ್ದಾರೇನು?" ಎಂದು ಕೇಳಿದರು. ಇಲ್ಲ ಎನ್ನಬಹುದಿತ್ತು. ನಾನೇ ಕೈಯಾರೆ ನಿನಗೆ ಕಾಗದ ಬರೆದು ಕರೆಸಿದೆ. ಒಮ್ಮೆಯಾದರೂ ಇಬ್ಬರನ್ನೂ ಸರಿಸಮಕ್ಕೆ ನಿಲ್ಲಿಸಿ ಅಳೆಯಲಿ ಎಂಬ ಆಸೆಯಿತ್ತೇನೋ…

ನೀನು ಬಂದ ದಿನ ಪ್ರೆಸ್ಸಿನ ಗೋದಾಮಿನ ಬಾಗಿಲಲ್ಲೇ ನಿಂತು ನಕ್ಕಿದ್ದೆ. ಹತ್ತಿಯ ಹಂಗಾಮು ಮುಗಿದು ಉಳಿದ, ಒತ್ತಿ ಬಿಗಿದ ಅಂಡಿಗೆಗಳನ್ನೇ ಗೋಡೆಯ ಹಾಗೆ ಪೇರಿಸಿ, ಒಳಗೆ ಎರಡು ಗೂಡು ಮಾಡಿಸಿದ್ದರು. ಹತ್ತಿ ಸದ್ದು ನುಂಗುತ್ತದೆ. ಒಂದೊಂದು ಗೂಡಿಗೂ ಒಂದೊಂದು ಮೈಕು. ಹೊರಗೆ ಮೇಜು, ಮೇಜಿನ ಮೇಲೆ ಬಲ್ಬುಗಳು ಮಿನುಗುವ ಪೆಟ್ಟಿಗೆ, ಅದರಿಂದ ಹೊರಟ ವೈರಿನ ತುದಿಗೆ ಸೈನ್ಯದವರು ಹರಾಜು ಹಾಕಿದ ಕರೀ ಹೆಡ್‌ಫೋನು. ರಬ್ಬರಿನ ಬಟ್ಟಲು, ಬೆವರು ಹೀರಿದ ಕ್ಯಾನ್‌ವಾಸಿನ ಪಟ್ಟಿ. ಲೆಕ್ಚರರು ನಮ್ಮಿಬ್ಬರಿಗೂ ಒಂದರಿಂದ ಇಪ್ಪತ್ತರವರೆಗೆ ಎಣಿಸಲು ಹೇಳಿ, ಕಣ್ಣು ಮುಚ್ಚಿ ಕೇಳಿದರು. "ಅಯ್ಯ, ಎಮ್ಮಿ ಕೊಳ್ಳೋರು ಹಲ್ಲು ನೋಡಿದಂಗ ಈತ ದನಿ ನೋಡಾಕತ್ಯಾನಲ್ಲೇ ಸಾವಿ!" ಎಂದೆ ನೀನು. ಮೈಕು ಚಾಲೂ ಇತ್ತು. ಅವರ ಕಿವಿಗೆ ಪೂರಾ ಬಿತ್ತು. ಕಣ್ಣು ಬಿಟ್ಟು, "ಎರಡೂ ಎಮ್ಮೆಗೆ ಹಲ್ಲು ಸಮ ಇವೆಯಮ್ಮಾ" ಎಂದರು. ಅಂದಿನಿಂದ ಅವರು ನಿನ್ನ ಕಡೆಯವರಾದರು. ಅಷ್ಟು ಸುಲಭವಾಗಿ.

ನಿನ್ನ ಕತೆಯನ್ನು ಕಾಗದಕ್ಕಿಳಿಸಿದ ಆ ಮಧ್ಯಾಹ್ನ ನೆನಪಿದೆಯೇ? ನಾನು ಓದಲು ಆರಿಸಿದ್ದು ಒಂದು ಅನುವಾದದ ಅಧ್ಯಾಯ: ಹಿಮ ಬೀಳುವ ದಾರಿಯಲ್ಲಿ ಸಿಕ್ಕಿಕೊಂಡ ಅಂಚೆ ಬಂಡಿ, ಒಳಗೆ ನಾಲ್ಕು ಜನ. ನಿನಗೆ ಓದು ತೊಡರುತ್ತಿದ್ದುದರಿಂದ ಬಾಯಿಂದಲೇ ಹೇಳು ಅಂದರು. ಆದರೆ ಗುರುತು ಹಾಕಲು ಅವರಿಗೆ ಲಿಖಿತ ಪ್ರತಿ ಬೇಕು. ನೀನು ಹೇಳಿದೆ, ನಾನು ಬರೆದೆ. ಕತೆಯಲ್ಲಿ, ಹೊಳೆ ದಾಟಿಸುವ ರಾರಾವಿಯ ಹರಿಗೋಲಿನವನಿಗೆ ಕೊಡಲು ಆ ಸೊಸೆಯ ಹತ್ತಿರ ಏನೂ ಇಲ್ಲ. "ನನ್ನ ನಿದ್ದಿ ತಗೋ ಅಪ್ಪಾ, ಅದೊಂದ ನನ್ನ ಸ್ವಂತದ್ದು" ಅನ್ನುತ್ತಾಳೆ. ಅವನು ತೆಗೆದುಕೊಳ್ಳುತ್ತಾನೆ, ನಡುಹೊಳೆಯಲ್ಲಿ ನಿದ್ದೆ ಹೋಗುತ್ತಾನೆ. ಪರೀಕ್ಷಿಸೋಣವೆಂದು ಮರುದಿನ ಮತ್ತೆ ಹೇಳಿಸಿದೆ. ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. ಅಕ್ಷರ ತಪ್ಪದಿರುವುದು ನನ್ನ ಒಬ್ಬಳ ಗುಣ ಎಂದುಕೊಂಡಿದ್ದೆ. ಅದೂ ನಿನ್ನ ಪಾಲಿಗೇ ಬರೆದಿತ್ತು.

ಕುರುಗೋಡಿನಿಂದ ಮೊದಲ ಬಂಡಿ ಬಂದ ದಿನ ಗೋದಾಮಿನಲ್ಲಿ ನಡೆದದ್ದನ್ನು ನೀನು ಅತ್ತಿತ್ತಲವರಿಗೆಲ್ಲ ಹೇಳಿ ನಗಿಸಿದ್ದೀಯಾ. ಸಣ್ಣಬಸಪ್ಪ ಎಂಬ ಮುದುಕನಿಗೆ ಹೆಡ್‌ಫೋನ್ ತೊಡಿಸಿ, "ಎಡಗಿವಿಯ ಹೆಂಗಸಿನ ಮಾತು ಮಾತ್ರ ಕೇಳು, ಬಲಗಿವಿಯದನ್ನು ಬಿಟ್ಟುಬಿಡು, ಸುಮ್ಮನೆ ಕೂತಿರು" ಎಂದರು ಲೆಕ್ಚರರು. ಎಡಗಿವಿಯಲ್ಲಿ ನಾನು, ಬಲಗಿವಿಯಲ್ಲಿ ನೀನು. ಓದತೊಡಗಿ ಐದು ನಿಮಿಷ ಆಗಿರಲಿಲ್ಲ, ಅಂಡಿಗೆಯ ಸಂದಿಯಿಂದ ನೋಡುತ್ತೇನೆ, ಮುದುಕನ ತಲೆ ತೂಗುತ್ತಿದೆ, ಬಾಯಿ "ಹೂಂ… ಹೂಂ" ಅನ್ನುತ್ತಿದೆ. ಲೆಕ್ಚರರು ಯಂತ್ರ ನಿಲ್ಲಿಸಿ ಅವನ ಮುಂದೆ ಬಂದರು.

"ಅಯ್ಯಾ, ಹೂಂ ಅನಬಾರದು. ಸುಮ್ಮನೆ ಕೇಳಬೇಕು."

"ಹೂಂ ಅನ್ನಬ್ಯಾಡಂದ್ರ ಕತಿ ಹೆಂಗ ಮುಂದಕ ಹೊಕ್ಕೈತ್ರೀ? ಪಾಪ, ಆ ಹೆಣ್ಮಗಳು ಗ್ವಾಡಿ ಜೊತಿ ಮಾತಾಡ್ದಂಗ ಆಗಂಗಿಲ್ಲೇನು?"

"ಯಾವ ಹೆಣ್ಮಗಳು?"

"ಹೊಳಿ ದಾಟ್ಸಾಕತ್ಯಾಳಲ್ರೀ, ಆಕಿ. ಇನ್ನೊಬ್ಬಾಕಿ ಏನೋ ಸಾಲ್ಯಾಗ ಹೇಳ್ದಂಗ ಹೇಳಾಕತ್ಯಾಳ. ಆಕೀಗೆ ಯಾರ ಹೂಂ ಅನ್ನಬೇಕ್ರಿ?"

ಹೊರಗೆ ಸರದಿಗೆ ಕೂತವರೆಲ್ಲ ನಕ್ಕರು. ನಿನ್ನ ಗೂಡಿನಿಂದ ನಿನ್ನ ನಗೆ ಎಲ್ಲರದಕ್ಕಿಂತ ಜೋರಾಗಿ ಬಂತು. ಹತ್ತಿ ಅದನ್ನೊಂದನ್ನು ನುಂಗಲಿಲ್ಲ.

ಲೆಕ್ಚರರ ಮುಖ ಬೆಳಗಿದ್ದು ಅದೇ ಸಂಜೆ. ಇಡೀ ದಿನ ಹೂಂ ತಡೆಯಲು ಹೆಣಗಿ ಸೋತವರು, ಇದ್ದಕ್ಕಿದ್ದಂತೆ ಮೇಜು ಗುದ್ದಿ, "ಸರೇ! ಅನ್ನಲಿ ಬಿಡಿ!" ಎಂದರು. ಯಾರಿಗೆ ಕಿವಿ ಕೊಟ್ಟಿದ್ದಾರೆಂದು ಜನ ಬಾಯಿಬಿಟ್ಟು ಹೇಳಬೇಕಾಗಿಲ್ಲ; ಹೂಂ ಯಾರ ವಾಕ್ಯದ ಕೊನೆಗೆ ಬೀಳುತ್ತದೋ ಅವರಿಗೆ. ಮರುದಿನದಿಂದ ನಮ್ಮಿಬ್ಬರ ಬರಹವನ್ನೂ ಅಕ್ಕಪಕ್ಕ ಇಟ್ಟುಕೊಂಡು, ತಾವೂ ಒಂದು ಹೆಡ್‌ಫೋನ್ ಹಾಕಿಕೊಂಡು, ಪ್ರತಿ ಹೂಂಗೂ ಕೆಂಪು ಪೆನ್ಸಿಲಿನ ಗೀಟು ಹಾಕತೊಡಗಿದರು. ಪ್ರೆಸ್ಸಿನ ಕೆಲಸಗಾರರು ಹೂಂಗುಟ್ಟಲಿಲ್ಲ. ಯಂತ್ರದ ಮುಂದೆ ಹೂಂ ಅಂದರೆ ಯಾರಿಗೆ ಕೇಳಬೇಕು? ಹೇಳಿದ ಕಿವಿಯನ್ನೇ ಕೇಳಿ, ಎದ್ದು ಹೋದರು. ಕುರುಗೋಡಿನವರೆಲ್ಲ ನಿನಗೇ ಹೂಂ ಅಂದರು. ಬಟ್ಟಲು ಅದಲುಬದಲು ಮಾಡಿ ನಿನ್ನನ್ನು ಎಡಕ್ಕೆ, ನನ್ನನ್ನು ಬಲಕ್ಕೆ ಹಾಕಿದರೂ ನಿನಗೇ. ನನ್ನ ಹಾಳೆ ಅಚ್ಚಿನಿಂದ ಈಗಷ್ಟೇ ಬಂದಂತೆ ಬೆಳ್ಳಗಿತ್ತು. ನಿನ್ನ ಕತೆಯ ಹಾಳೆಯ ತುಂಬ ಕೆಂಪು, ನನ್ನದೇ ಕೈಬರಹದ ಮೇಲೆ.

ಅಪ್ಪನ ಸರದಿ ಬಂದ ಬೆಳಿಗ್ಗೆ ನಾನು ಊಟ ಮಾಡಿರಲಿಲ್ಲ. ಪ್ರೆಸ್ಸಿನಲ್ಲಿ ಮೂವತ್ತು ವರ್ಷ ದುಡಿದ ಕುರುಗೋಡಿನವನು. ಲೆಕ್ಚರರಿಗೆ ಅಂಥವನೊಬ್ಬ ಬೇಕೇ ಬೇಕಾಗಿತ್ತು. ಅಪ್ಪ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, "ಇದೇನಿದು, ಕೂಸಿಗೆ ಹಾಕೋ ಕುಂಚಿಗಿ ಇದ್ದಂಗೈತಿ" ಎನ್ನುತ್ತಾ ಹಾಕಿಸಿಕೊಂಡ. ಲೆಕ್ಚರರು ಗುಂಡಿ ತಿರುಗಿಸಿ ಸದ್ದು ಏರಿಸಿ, ನಿನಗೆ ಏನಾದರೂ ಮಾತಾಡು ಎಂದರು. "ಅಪ್ಪಾ, ಕೇಳತೈತೇನು?" ಎಂದೆ ನೀನು, ಕೂಗದೆ, ಸಾದಾ ದನಿಯಲ್ಲಿ. ಅಪ್ಪ ಅಲ್ಲಾಡಲಿಲ್ಲ. ಆಮೇಲೆ ಮೆಲ್ಲಗೆ, "ಪ್ರೆಸ್ ನಿಂತಂಗಾತಲ್ಲ" ಅಂದ. ಎಷ್ಟೋ ವರ್ಷದ ಮೇಲೆ ಅವನಿಗೆ ಸ್ಪಷ್ಟವಾಗಿ ಕೇಳಿದ ಮೊದಲ ಮಾತು ಅದು. ಅದೂ ನಿನ್ನದೇ. ಗುಂಡಿ ತಿರುಗಿಸುವಾಗ ನನಗೆ ಮಾತಾಡು ಎಂದಿದ್ದರೆ ಏನಾಗುತ್ತಿತ್ತು?

ಅವನಿಗೂ ಮೈಕಿನಲ್ಲಿ ಅದೇ ಮಾತು ಹೇಳಿದರು: ಎಡಗಿವಿ ಮಾತ್ರ. ನಾನು ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಓದಿಲ್ಲ. ಹಿಮ, ಕುದುರೆಯ ಉಸಿರು, ಬಂಡಿಯೊಳಗಿನ ಬಸುರಿ, ಅವಳ ಕೈಗೆ ತನ್ನ ಕೈಗವಸು ಕೊಟ್ಟ ಗಡ್ಡದವನು. ಮುಗಿದ ಮೇಲೆ ಲೆಕ್ಚರರು ಮೈಕಿನಲ್ಲೇ ಅಪ್ಪನನ್ನು ಪ್ರಶ್ನೆ ಕೇಳಲು ಅಲ್ಲೇ ಉಳಿಸಿಕೊಂಡು, ಉತ್ತರಗಳನ್ನು ತಮ್ಮ ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ನಮ್ಮಿಬ್ಬರಿಗೆ ಹೊರಗೆ ನಿಲ್ಲಲು ಹೇಳಿದ್ದರು. ಹೋಗುತ್ತಾ ಮೇಜಿನ ಮೇಲಿದ್ದ ಹಾಳೆಗಳನ್ನು ನೋಡಿದೆ. ನಿನ್ನದರಲ್ಲಿ ಸಾಲಿನ ಕೊನೆಗೆಲ್ಲ ಕೆಂಪು. ನನ್ನದರಲ್ಲಿ ಏನೂ ಇಲ್ಲ. ಮತ್ತೇನನ್ನೂ ತಿಳಿದುಕೊಳ್ಳುವ ಅಗತ್ಯ ನನಗೆ ಕಾಣಲಿಲ್ಲ.

ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ನೀನು ಸಿರುಗುಪ್ಪದ ಬಸ್ಸಿನ ಕಿಟಕಿಯ ಹತ್ತಿರ ಕೂತಿದ್ದೆ, ತೊಡೆಯ ಮೇಲೆ ದಾರಿಯಲ್ಲಿ ತಿನ್ನಲೆಂದು ಅಪ್ಪ ಕೊಡಿಸಿದ ಮಂಡಾಳಿನ ಪೊಟ್ಟಣ. ನಾನು ಓದುವ ಕಾದಂಬರಿಗಳಲ್ಲಿ ಮತ್ಸರ ಪಡುವವರು ವಿಷ ಹಾಕುತ್ತಾರೆ, ಕಾಗದ ಕದಿಯುತ್ತಾರೆ. ನನಗೆ ಅಷ್ಟು ದೂರ ಹೋಗಬೇಕಾಗಲಿಲ್ಲ. ಕಿಟಕಿಯ ಕೆಳಗೆ ನಿಂತು ಹೇಳಿದೆ: "ಅಕ್ಕಾ, ಇನ್ನ ಮ್ಯಾಲೆ ನೀ ಇಷ್ಟ ಸರ್ತಿ ಬರೂದು ಬ್ಯಾಡ. ದಿನಾ ಅನ್ನಾ ಹಾಕಾಕಿ ನಾನು. ನೀ ಬಂದ್ರ ಆ ಮನ್ಯಾಗ ನಾ ಯಾರೂ ಅಲ್ಲ." ನೀನು ನನ್ನ ಮುಖ ನೋಡಿದೆ. "ಆತ ಬಿಡು ಸಾವಿ" ಅಂದೆ. ಬಸ್ಸು ಹೊರಟಿತು. ನೀನು ಬಯ್ಯಬಹುದಿತ್ತು. ನಾನು ಉತ್ತರ ಸಿದ್ಧಮಾಡಿಕೊಂಡು ನಿಂತಿದ್ದೆ.

"ಗಂಗಿ ಯಾಕ ಬರಲಿಲ್ಲ?" ಎಂದು ಅಪ್ಪ ಕೇಳಿದ ಮೊದಲ ದಿನ, ಸ್ಲೇಟಿನ ಮೇಲೆ "ನಾಟಿ ಕೆಲಸ" ಎಂದು ಬರೆದೆ. ಎರಡನೆಯ ಸಲ, "ಕಳೆ ತೆಗೆಯುವ ಕೆಲಸ". ಮೂರನೆಯ ಸಲಕ್ಕೆ ಅವನು ಕೇಳಲಿಲ್ಲ. ಬಾಗಿಲ ಕಡೆ ನೋಡಿದ. ಮೂರು ತಿಂಗಳು ತುಂಬುವ ಮೊದಲೇ ನಿನಗೆ ವಿಷಮಜ್ವರ ಎಂದು ಸುದ್ದಿ ಬಂತು. ನಾವು ಬಸ್ಸಿಳಿಯುವ ಹೊತ್ತಿಗೆ ನಿನ್ನನ್ನು ಅಂಗಳಕ್ಕೆ ತಂದಿದ್ದರು. ಅಲ್ಲಿದ್ದವರೆಲ್ಲ ನನ್ನನ್ನೇ ಸಮಾಧಾನ ಮಾಡಿದರು, ಅಕ್ಕನ ಮೇಲೆ ಪ್ರಾಣ ಇಟ್ಟುಕೊಂಡಿದ್ದಳು ಅಂತ. ಅವರ ತಪ್ಪೇನು?

ಲೆಕ್ಚರರ ಕಟ್ಟು ಅಂಚೆಯಲ್ಲಿ ಬಂದದ್ದು ಈ ಚಳಿಗಾಲದಲ್ಲಿ. ವರದಿ ಬರೆಯುತ್ತಿದ್ದಾರಂತೆ, ತಾವು ಅವಸರದಲ್ಲಿ ತೆಲುಗು ಲಿಪಿಯಲ್ಲಿ ಬರೆದುಕೊಂಡ ಕನ್ನಡ ಉತ್ತರಗಳನ್ನು ನಾನು ಓದಿ, ತಿದ್ದಿ, ಶುದ್ಧಪ್ರತಿ ಮಾಡಿಕೊಡಬೇಕಂತೆ. ನನ್ನಷ್ಟು ಕರಾರುವಾಕ್ಕಾದವರು ಬೇರೆ ಯಾರೂ ಗೊತ್ತಿಲ್ಲವಂತೆ. ದಿನಕ್ಕೆ ಇಬ್ಬರಂತೆ ಬರೆದೆ. ಹನ್ನೊಂದನೆಯ ದಿನ ಅಪ್ಪನ ಪುಟ ತೆರೆಯಿತು. ಅದನ್ನು ನಾನು ತಿದ್ದದೆ ನಕಲು ಮಾಡಿದ್ದೇನೆ. ಹಾಗೇ ಕೇಳು.

"ಎಡಗಿವಿಯ ಹೆಂಗಸು ಏನು ಹೇಳಿದಳು?"

"ಬಂಡಿ. ಬೆಳ್ಳಗ ಏನೋ ಮ್ಯಾಲಿಂದ ಬೀಳತಿತ್ತು, ಹತ್ತಿ ಅರಳಿ ಇದ್ದಂಗ. ಬಂಡ್ಯಾಗ ನಾಕು ಮಂದಿ. ಒಬ್ಬಾಕಿ ಬಸುರಿ. ಗಡ್ಡದಾಂವ ಆಕೀಗೆ ಕೈಚೀಲ ಕೊಟ್ಟ, ಕೈಗೆ ಹಾಕ್ಕೊಳ್ಳೂದು. ಕುದುರಿ ಉಸುರು ಹೊಗಿ ಆಗತಿತ್ತು. ಆ ಕುದುರಿ ಬದುಕ್ತೇನ್ರಿ? ಮುಂದ ಹೇಳಲಿಲ್ಲ."

"ಬಲಗಿವಿಯ ಹೆಂಗಸು?"

"ಆಕಿ ಮಾತು ನಾ ಕೇಳಲಿಲ್ರಿ. ನೀವ ಬ್ಯಾಡ ಅಂದಿದ್ರಿ."

"ಮತ್ತೆ ಆಕೆಗೆ ಹೂಂ ಅಂದಿರಲ್ಲ?"

"ಅನ್ನಬೇಕಲ್ರಿ. ಹೂಂ ಅನ್ನದಿದ್ರ ಗಂಗಿ ನಿಂತಬಿಡ್ತಾಳ, ಬಾಯಾಗಿನ ಕತಿ ಅದು. ಸಾವಿಗೇನು, ಆಕೀಗೆ ಪುಸ್ತಕ ಐತಿ."

ನಾನು ಆ ಪುಟವನ್ನು ಎಷ್ಟು ಸಲ ಓದಿದೆನೆಂದು ಬರೆಯುವುದಿಲ್ಲ. ಕಿವಿ ನನಗೆ ಕೊಟ್ಟಿದ್ದ, ಹೂಂ ನಿನಗೆ ಕೊಟ್ಟಿದ್ದ. ಕುದುರೆಯ ಉಸಿರನ್ನೂ ಬಿಟ್ಟಿರಲಿಲ್ಲ. ನಾನು ಗೆದ್ದಿದ್ದೆ, ಗೆದ್ದ ಮರುದಿನವೇ ನಿನ್ನನ್ನು ಬಸ್ಸಿನ ಕಿಟಕಿಯಲ್ಲಿ… ಆ ಪುಟವನ್ನು ಹಿಡಿದುಕೊಂಡು ನಾನು ಅಳಬೇಕಾಗಿತ್ತು. ಅಳಲಿಲ್ಲ. ಏನನ್ನಿಸಿತೆಂದು ಕೇಳು: ಆಕೀಗೆ ಪುಸ್ತಕ ಐತಿ ಎಂದು ಅವನಿಗೆ ಹೇಳಿದವರು ಯಾರು? ಪುಸ್ತಕವಿದ್ದವರಿಗೆ ಹೂಂ ಬೇಡವೆಂದು ಯಾರು ಹೇಳಿದರು? ಆರು ವರ್ಷದವಳಿದ್ದಾಗಿನಿಂದ ಕಿವಿ ನನ್ನ ಕಡೆಗಿತ್ತು ಎಂದರೆ, ಅದು ನನಗೆ ಗೊತ್ತಾಗುವುದು ಹೇಗೆ? ನೀನು ಪಡೆದದ್ದು ಕೇಳಿಸುವಂಥದ್ದು. ಅದಲುಬದಲು ಮಾಡಿಕೊ ಎಂದರೆ ಇವತ್ತೂ ಒಪ್ಪುತ್ತೇನೆ.

ಹೋದ ಗುರುವಾರ ಲೆಕ್ಚರರು ಶುದ್ಧಪ್ರತಿ ಒಯ್ಯಲು ತಾವೇ ಬಂದರು. ನೀನು ಹೋದ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಿದ ಮೇಲೆ ಪೆಟ್ಟಿಗೆ ಬಿಚ್ಚಿ, ಅಪ್ಪನ ಕಿವಿ ಈಗ ಹೇಗಿದೆ ನೋಡೋಣ ಎಂದರು. ನಮ್ಮ ಪಡಸಾಲೆಯಲ್ಲೇ ಅಪ್ಪ ಹೆಡ್‌ಫೋನ್ ತೊಟ್ಟು ಕೂತ. ಎರಡು ಕಿವಿಗೂ ಒಂದೇ ದನಿ ಈ ಸಲ, ನನ್ನದು. ಏನಾದರೂ ಓದಿ ಎಂದರು. ನಾನು ನಿನ್ನ ಕತೆಯ ಹಾಳೆ ತೆಗೆದೆ. ಯಾಕೆಂದು ನಿನಗೆ ಗೊತ್ತು. ಆ ಕತೆಯನ್ನೇ ನಾನು ಹೇಳಿದರೆ, ಇನ್ನೊಂದು ಕಿವಿಯಲ್ಲಿ ನೀನಿಲ್ಲದಿದ್ದರೆ, ಆಗಲಾದರೂ ಅನ್ನುತ್ತಾನೆಯೇ ಎಂದು. ಮೊದಲ ವಾಕ್ಯ ಮುಗಿಸಿ ಕಾದೆ. ಎರಡನೆಯದು. ಐದನೆಯದಕ್ಕೆ ಅಪ್ಪ ಕೈಯೆತ್ತಿದ.

"ಮಾತು ಬರಾಬರಿ ಅದಾವ. ನಿಲ್ಲೂದು ತಪ್ಪಾಕತ್ತೈತಿ."

"ಎಲ್ಲಿ ನಿಲ್ಲಬೇಕಪ್ಪಾ?"

"ನನ್ನ ನಿದ್ದಿ ತಗೋ, ಇಲ್ಲಿ. ಇಲ್ಲಿ ಗಂಗಿ ಉಸುರು ತಗೊಂತಿದ್ಳು. ತಗೊಂಡು ನನ್ನ ಮಾರಿ ನೋಡ್ತಿದ್ಳು. ಆಮ್ಯಾಲ ಅಪ್ಪಾ ಅನ್ನೂದು."

ಕೇಳಲೇ ಇಲ್ಲ ಎಂದು ಬರೆಸಿದ್ದವನು! ನಿನ್ನ ಉಸಿರಿನ ಜಾಗ ಕೂಡ ಅವನಿಗೆ ಬಾಯಿಪಾಠವಾಗಿತ್ತು. ನನಗೆ ಅಲ್ಲಿಯವರೆಗೆ ಉಳಿದಿದ್ದ ಒಂದೇ ಒಂದು ಪುಟವೂ ಕೈಜಾರಿತು. ಹಾಳೆ ಕೆಳಗಿಟ್ಟೆ. ಲೆಕ್ಚರರು ಎದುರಿಗಿದ್ದಾರೆಂಬುದೂ ಮರೆತು ಮೈಕಿನಲ್ಲಿ ಹೇಳಿದೆ:

"ಅಪ್ಪಾ, ಅಕ್ಕನ್ನ ನಾನ ಬರಬ್ಯಾಡ ಅಂದೆ."

"ಹೂಂ" ಅಂದ ಅಪ್ಪ.

"ನಾಟಿ ಕೆಲಸ ಅಂದದ್ದು ಸುಳ್ಳು."

"ಹೂಂ."

ಮೂವತ್ತು ವರ್ಷ ಕಾದದ್ದು ಹಾಗೆ ಬಂತು. ನಿಲ್ಲಿಸಲು ನನಗೆ ಆಗಲಿಲ್ಲ ಅಕ್ಕಾ. ಒಂದು ಹೂಂ ಬಿದ್ದ ಮೇಲೆ ಮುಂದಿನದನ್ನು ಹೇಳಲೇಬೇಕು, ನಿನಗೆ ಗೊತ್ತಲ್ಲ. ಕೆಂಪು ಗೀಟು ಹೇಳಿದೆ, ಬಸ್ಸಿನ ಕಿಟಕಿ ಹೇಳಿದೆ, ಮಂಡಾಳು ಹೇಳಿದೆ, "ಆತ ಬಿಡು ಸಾವಿ" ಎಂಬುದನ್ನೂ ಹೇಳಿದೆ. ನನ್ನ ಕೈಯಲ್ಲಿ ಪುಸ್ತಕ ಇರಲಿಲ್ಲ. ಒಂದೊಂದಕ್ಕೂ ಹೂಂ ಅಂದ. ಲೆಕ್ಚರರು ಪೆನ್ಸಿಲು ಕೆಳಗಿಟ್ಟು ಕಿಟಕಿಯ ಕಡೆ ತಿರುಗಿ ಕೂತಿದ್ದರು. ಎಲ್ಲ ಮುಗಿದ ಮೇಲೆ ಅಪ್ಪ ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡ. ಬಯ್ಯಲಿಲ್ಲ. ತನಗೆ ತಾನೇ ಕೇಳಿಸದ ಜೋರು ದನಿಯಲ್ಲಿ, ಕಿವಿ ಮಂದವಾದವರು ಮಾತಾಡುವ ಹಾಗೆ, ಒಂದೇ ಒಂದು ಪ್ರಶ್ನೆ ಕೇಳಿದ:

"ಹಂಗಾದ್ರ ಆ ಮೂರು ತಿಂಗಳು ಆಕೀಗೆ ಹೂಂ ಅಂದೋರು ಯಾರು?"

ನಾಲ್ಕು ದಿನವಾಯಿತು. ಬರುವ ಭಾನುವಾರ ಅಪ್ಪನನ್ನು ಕರೆದುಕೊಂಡು ಸಿರುಗುಪ್ಪದ ಬಸ್ಸು ಹತ್ತುತ್ತೇನೆ. ನಿನ್ನ ಪಕ್ಕದ ಮನೆಯ ಸೊಸೆಯನ್ನು ಕೇಳಬೇಕು: ಸಂಜೆ ಗದ್ದೆಯಿಂದ ಬಂದು ನೀನು ಯಾರ ಹತ್ತಿರ ಕೂರುತ್ತಿದ್ದೆ, ಏನು ಹೇಳುತ್ತಿದ್ದೆ, ಯಾರಾದರೂ ಕೇಳುತ್ತಿದ್ದರೇ ಎಂದು. ಯಾರಾದರೂ ಇದ್ದರು ಎಂದು ಅವಳು ಹೇಳಿದರೆ, ಅವರ ಮೇಲೂ ನನಗೆ ಹೊಟ್ಟೆಕಿಚ್ಚಾಗುತ್ತದೆ, ಅದು ಈಗಲೇ ಗೊತ್ತು. ಆಗಲಿ. ಯಾರೂ ಇರಲಿಲ್ಲ ಎಂದರೆ…

ನಿನ್ನ ತಂಗಿ,
ಸಾವಿತ್ರಿ